ಸಾಲು ನಿಲ್ಲುವೆಡೆ, ಮಾತು ನಿಲ್ಲುವೆಡೆ

ಮಹಾರಾಷ್ಟ್ರದ ಹತ್ತನೆಯ ತರಗತಿಯ ಇಂಗ್ಲಿಷ್ ಪ್ರಶ್ನಪತ್ರಿಕೆಯಲ್ಲಿ ಕವಿತೆಯ ರಸಗ್ರಹಣಕ್ಕೆಂದು ಐದು ಅಂಕಗಳ ಪ್ರಶ್ನೆಯೊಂದುಂಟು. ಶೀರ್ಷಿಕೆಗೆ ಅರ್ಧ ಅಂಕ, ಕವಿಯ ಹೆಸರಿಗೆ ಅರ್ಧ, ಪ್ರಾಸಕ್ರಮಕ್ಕೆ ಒಂದು, ಅಲಂಕಾರಕ್ಕೆ ಒಂದು, ಭಾವಾರ್ಥಕ್ಕೆ ಎರಡು. ಅದೇ ಪತ್ರಿಕೆಯ ವ್ಯಾಕರಣಭಾಗದಲ್ಲಿ, ಕವಿತೆಯ ಪ್ರಶ್ನೆಗೆ ಬಲುದೂರದಲ್ಲಿ, ಚಿಹ್ನೆಗಳನ್ನೆಲ್ಲ ಕಳಚಿದ ಬೋಳುವಾಕ್ಯವೊಂದನ್ನು ಕೊಟ್ಟು ಅದಕ್ಕೆ ತಕ್ಕ ವಿರಾಮಚಿಹ್ನೆಗಳನ್ನು ಹಾಕೆಂದು ಕೇಳುವುದೂ ವಾಡಿಕೆ. ಈ ಎರಡು ಪ್ರಶ್ನೆಗಳ ನಡುವೆ ಏನಾದರೂ ಬಾಂಧವ್ಯವಿದ್ದೀತೆಂಬ ಸುಳಿವು ಮುಂಬಯಿಯ ಸಾವಿರಾರು ಮಕ್ಕಳಿಗೆ ಪರೀಕ್ಷೆ ಮುಗಿದು ಫಲಿತಾಂಶ ಬಂದರೂ ದೊರೆಯುವುದಿಲ್ಲ. ಏಕೆಂದರೆ ತರಗತಿಯಲ್ಲಿ ಕವಿತೆ ಒಂದು ದಿನದ ಪಾಠ, ವಿರಾಮಚಿಹ್ನೆ ಮತ್ತೊಂದು ದಿನದ ಪಾಠ. ಇವೆರಡೂ ಒಂದೇ ಪಾಠವೆಂದೂ, ಒಂದನ್ನು ಬಿಟ್ಟು ಇನ್ನೊಂದನ್ನು ಕಲಿಸಹೊರಟಲ್ಲಿ ಎರಡೂ ಕೆಡುತ್ತವೆಯೆಂದೂ, ಈ ಪಾಠವನ್ನು ಕಲಿಸುವುದಕ್ಕೆ ಮುಂಬಯಿಯ ಕನ್ನಡ ಮನೆಯ ಮಕ್ಕಳ ಮಟ್ಟಿಗಾದರೂ ಬೇಕಾದ ಸಾಮಗ್ರಿಯೆಲ್ಲವೂ ಅವರ ಕಿವಿಯಲ್ಲೇ ಸಿದ್ಧವಾಗಿದೆಯೆಂದೂ ನಾನು ನಂಬಿದ್ದೇನೆ. ಆ ನಂಬಿಕೆಗೆ ಕಾರಣಗಳನ್ನು ಹೇಳುವುದಕ್ಕಾಗಿಯೇ ಈ ಲೇಖನ.

ಮುಂಬಯಿಯ ಕನ್ನಡಿಗನಿಗೂ ಇಂಗ್ಲಿಷ್ ಪಾಠಕ್ಕೂ ಇರುವ ನಂಟು ಇಂದುನಿನ್ನೆಯದಲ್ಲ. ಹಗಲೆಲ್ಲ ಹೋಟೆಲಿನಲ್ಲೋ ಕ್ಯಾಂಟೀನಿನಲ್ಲೋ ದುಡಿದು, ಸಂಜೆಗೆ ಪುಸ್ತಕ ಹಿಡಿದು ಓಡುತ್ತಿದ್ದ ತುಳುನಾಡಿನ ಹುಡುಗರಿಗಾಗಿ ಮೊಗವೀರರೂ ಬಿಲ್ಲವರೂ ಬಂಟರೂ ತಂತಮ್ಮ ಸಂಘಗಳ ಮೂಲಕ ರಾತ್ರಿಶಾಲೆಗಳನ್ನು ನಡೆಸಿದ ಕಥೆ ಈ ನಗರದ ಕನ್ನಡ ಚರಿತ್ರೆಯ ಅತ್ಯಂತ ಉಜ್ಜ್ವಲವಾದ ಅಧ್ಯಾಯ. ಆ ಶಾಲೆಗಳಲ್ಲಿ ಓದಿ ಮೆಟ್ರಿಕ್ ಪಾಸಾಗಿ, ಬ್ಯಾಂಕು, ರೈಲ್ವೆ, ನ್ಯಾಯಾಲಯಗಳಿಗೆ ಏರಿದವರ ಸಂಖ್ಯೆ ಸಣ್ಣದಲ್ಲ. ವಡಾಲದ ನ್ಯಾಷನಲ್ ಕನ್ನಡ ಎಜುಕೇಶನ್ ಸೊಸೈಟಿಯ ಶಾಲೆ, ಚೆಂಬೂರಿನ ಕರ್ನಾಟಕ ಸಂಘದ ಶಾಲೆ, ಫೋರ್ಟಿನ ಕನ್ನಡ ಶಾಲೆಗಳು ಹಗಲಿನಲ್ಲಿಯೂ ಆ ಕಾರ್ಯವನ್ನೇ ಮಾಡಿದವು. ಮುಂಬಯಿ ಮಹಾನಗರಪಾಲಿಕೆ ಮರಾಠಿ, ಹಿಂದಿ, ಉರ್ದು, ಗುಜರಾತಿ, ಇಂಗ್ಲಿಷ್, ತಮಿಳು, ತೆಲುಗುಗಳ ಸಾಲಿನಲ್ಲಿ ಕನ್ನಡವನ್ನೂ ಸೇರಿಸಿಕೊಂಡು ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸಿದುದು ಭಾರತದ ಬೇರೆ ನಗರಗಳು ಕಂಡು ಕಲಿಯತಕ್ಕ ಔದಾರ್ಯ. ಈಗ ಕನ್ನಡ ಮಾಧ್ಯಮದ ತರಗತಿಗಳು ಕೃಶವಾಗಿ, ಕನ್ನಡಿಗರ ಸಂಸ್ಥೆಗಳೇ ಇಂಗ್ಲಿಷ್ ಮಾಧ್ಯಮಕ್ಕೆ ತಿರುಗಿವೆ. ಆದರೆ ಶಾಲೆಯ ಮಾಧ್ಯಮ ಬದಲಾದ ಮಾತ್ರಕ್ಕೆ ಮನೆಯ ಭಾಷೆಯ ಲಯ ಬದಲಾಗುವುದಿಲ್ಲ. ರಾಜ್ಯದ ಪಠ್ಯಪುಸ್ತಕ ಸಂಸ್ಥೆಯಾದ ಬಾಲಭಾರತಿಯ ಇಂಗ್ಲಿಷ್ ಪುಸ್ತಕವನ್ನು ತೆರೆದು ಕುಳಿತ ಮಗುವಿನ ಕಿವಿಯಲ್ಲಿ ಅಜ್ಜಿಯ ಹಾಡೂ, ಶನಿವಾರ ರಾತ್ರಿಯ ಶನಿಗ್ರಂಥ ಪಾರಾಯಣವೂ, ಮಳೆಗಾಲದಲ್ಲಿ ಊರಿನಿಂದ ಬರುವ ಯಕ್ಷಗಾನ ಮೇಳದ ಪದವೂ ಇನ್ನೂ ನಿಂತಿರುತ್ತವೆ.

ಈ ಕಿವಿಯ ಸಂಪತ್ತು ಎಷ್ಟು ಹಳೆಯದೆಂಬುದನ್ನು ಸ್ವಲ್ಪ ನಿಂತು ನೋಡಬೇಕು. ತಾಳೆಗರಿಯ ಮೇಲೆ ಬರೆದ ಹಳಗನ್ನಡ ಕಾವ್ಯದಲ್ಲಿ ಪದಕ್ಕೂ ಪದಕ್ಕೂ ನಡುವೆ ಬರಿಯೆಡೆಯಿಲ್ಲ, ಅಲ್ಪವಿರಾಮವಿಲ್ಲ, ಪ್ರಶ್ನಾರ್ಥಕವಿಲ್ಲ. ಪದ್ಯ ಮುಗಿದೆಡೆ ಒಂದು ದಂಡವಿದ್ದರೆ ಅದೇ ದೊಡ್ಡ ಉಪಕಾರ. ಗರಿಯ ಉದ್ದಕ್ಕೂ ಅಕ್ಷರದ ಬೆನ್ನಿಗೆ ಅಕ್ಷರ ಹರಿಯುತ್ತದೆ. ಹೀಗಿದ್ದರೂ ಓದುವವನು ಎಡವುತ್ತಿರಲಿಲ್ಲ. ಪಾದ ಎಲ್ಲಿ ತೊಡಗಿತೆಂಬುದನ್ನು ದ್ವಿತೀಯಾಕ್ಷರಪ್ರಾಸ ತಿಳಿಸುತ್ತಿತ್ತು, ಎಲ್ಲಿ ಮುಗಿಯಿತೆಂಬುದನ್ನು ಗಣಗಳ ಲೆಕ್ಕ ತಿಳಿಸುತ್ತಿತ್ತು, ಅರ್ಥ ಎಲ್ಲಿ ನಿಂತಿತೆಂಬುದನ್ನು ವಿಭಕ್ತಿಯೂ ಕ್ರಿಯಾಪದವೂ ತಿಳಿಸುತ್ತಿದ್ದವು. ಅಂದರೆ, ನಮ್ಮ ಪೂರ್ವಿಕರಲ್ಲಿ ಛಂದಸ್ಸೇ ವಿರಾಮಚಿಹ್ನೆಯ ಕೆಲಸವನ್ನು ಮಾಡುತ್ತಿತ್ತು. ಹತ್ತನೆಯ ಶತಮಾನದ ನಾಗವರ್ಮನ ಛಂದೋಂಬುಧಿಯನ್ನು ಈ ದೃಷ್ಟಿಯಿಂದ ನೋಡಿದರೆ ಅದು ಕವಿಗೆ ಹೇಳಿದ ಶಾಸ್ತ್ರವಾಗಿರುವಷ್ಟೇ ಓದುಗನಿಗೆ ಹೇಳಿದ ಶಾಸ್ತ್ರವೂ ಆಗಿದೆ.

ಕನ್ನಡ ಕವಿಗಳು ಇಲ್ಲಿ ಒಂದು ಸ್ವಾತಂತ್ರ್ಯವನ್ನೂ ವಹಿಸಿಕೊಂಡರು. ಸಂಸ್ಕೃತದ ವೃತ್ತಗಳಲ್ಲಿ ಪಾದದ ನಡುವೆ ಇಂತಲ್ಲೇ ಉಸಿರು ನಿಲ್ಲಬೇಕೆಂಬ ಯತಿನಿಯಮವಿದ್ದರೆ, ಅದೇ ವೃತ್ತಗಳನ್ನು ತಮ್ಮ ಭಾಷೆಗೆ ತಂದ ಕನ್ನಡಿಗರು ಯತಿಯನ್ನು ಸಡಿಲಬಿಟ್ಟು ಪ್ರಾಸವನ್ನು ಬಿಗಿಹಿಡಿದರು. ಪಾದ ಮುಗಿದರೂ ಮಾತು ಮುಗಿಯದೆ ಮುಂದಿನ ಪಾದಕ್ಕೆ ದಾಟುವುದು ನಮ್ಮ ಚಂಪೂಕಾವ್ಯದಲ್ಲಿ ದೋಷವಲ್ಲ, ನಡಿಗೆಯ ಬೆಡಗು. ಕುಮಾರವ್ಯಾಸನ ಭಾಮಿನಿಷಟ್ಪದಿಯನ್ನು ತೆಗೆದುಕೊಳ್ಳಿ: ಒಂದು, ಎರಡು, ನಾಲ್ಕು, ಐದನೆಯ ಪಾದಗಳಲ್ಲಿ ಮೂರುನಾಲ್ಕು ಮಾತ್ರೆಗಳ ಗಣಗಳು ಎರಡಾವೃತ್ತಿ ಬಂದು 14 ಮಾತ್ರೆಗಳು, ಮೂರು ಮತ್ತು ಆರನೆಯ ಪಾದಗಳಲ್ಲಿ ಅದೇ ಗಣಗಳು ಮೂರಾವೃತ್ತಿ ಬಂದು ಕೊನೆಗೊಂದು ಗುರು ಸೇರಿ 23 ಮಾತ್ರೆಗಳು. ಮೂರನೆಯ ಪಾದದ ಕೊನೆಯ ಆ ಗುರುವಿನ ಮೇಲೆ ಗಮಕಿ ಸ್ವಲ್ಪ ನಿಲ್ಲುತ್ತಾನೆ. ಅಲ್ಲಿ ಅರ್ಥ ಮುಗಿದಿದ್ದರೆ ಆ ನಿಲುಗಡೆ ನೆಮ್ಮದಿಯದು, ಮುಗಿಯದಿದ್ದರೆ ಕಾತರದ್ದು. ತಾಳಮದ್ದಳೆಯನ್ನು ಕೇಳಿ ಬೆಳೆದ ಹುಡುಗನಿಗೆ ಈ ಎರಡು ಬಗೆಯ ನಿಲುಗಡೆಗಳ ಭೇದವನ್ನು ಯಾರೂ ಹೇಳಿಕೊಡಬೇಕಾದುದಿಲ್ಲ. ಇಂಗ್ಲಿಷ್ ಕವಿತೆಯ ರೂಪವನ್ನು ಕುರಿತ ಪಾಠದ ತಿರುಳೂ ಇದೇ: ಸಾಲು ನಿಲ್ಲುವೆಡೆ ಒಂದು, ಮಾತು ನಿಲ್ಲುವೆಡೆ ಇನ್ನೊಂದು, ಎರಡೂ ಒಂದಾದಾಗ ಒಂದು ಪರಿಣಾಮ, ಬೇರೆಯಾದಾಗ ಮತ್ತೊಂದು ಪರಿಣಾಮ.

ಚಿಹ್ನೆಗಳು ನಮ್ಮ ಪುಸ್ತಕಗಳಿಗೆ ಬಂದದ್ದು ಮುದ್ರಣದೊಡನೆ. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು 1841ರಲ್ಲಿ ಮುದ್ರಣಾಲಯವನ್ನು ತೆರೆದರು. ಎರಡು ವರ್ಷಗಳ ಮೇಲೆ ಅದೇ ಮಿಶನ್ನಿನ ಮೋಗ್ಲಿಂಗರ ಮಂಗಳೂರ ಸಮಾಚಾರ ಪತ್ರಿಕೆ ಹೊರಟಿತು. ಇತ್ತ ಮುಂಬಯಿ ಸರಕಾರದ ಆಶ್ರಯದಲ್ಲಿ ಮೋಲ್ಸ್‌ವರ್ಥನೊಡನೆ ಮರಾಠಿ ನಿಘಂಟಿನ ಕಾರ್ಯದಲ್ಲಿ ದುಡಿದ ಥಾಮಸ್ ಕ್ಯಾಂಡಿ 1850ರಲ್ಲಿ ಮರಾಠಿಗೆ ಇಂಗ್ಲಿಷಿನ ವಿರಾಮಚಿಹ್ನೆಗಳನ್ನು ಪರಿಚಯಿಸುವ ಚಿಕ್ಕ ಪುಸ್ತಕವೊಂದನ್ನು ಬರೆದನು. ಧಾರವಾಡ, ಬೆಳಗಾವಿ, ವಿಜಾಪುರಗಳೂ, 1862ರಿಂದ ಉತ್ತರ ಕನ್ನಡವೂ ಮುಂಬಯಿ ಇಲಾಖೆಗೆ ಸೇರಿದ್ದುದರಿಂದ, ಮರಾಠಿ ಶಾಲಾಪುಸ್ತಕಗಳ ಪದ್ಧತಿಯ ನೆರಳಿನಲ್ಲೇ ಅಲ್ಲಿಯ ಕನ್ನಡ ಶಾಲಾಪುಸ್ತಕಗಳೂ ಬೆಳೆದವು. ಹೀಗೆ ನಾವು ಇಂದು ಸಹಜವೆಂದು ಬಗೆದಿರುವ ಅಲ್ಪವಿರಾಮ, ಅರ್ಧವಿರಾಮಗಳಿಗೆ ಎರಡು ಶತಮಾನಗಳ ವಯಸ್ಸೂ ಇಲ್ಲ. ಇದನ್ನು ಮಕ್ಕಳಿಗೆ ಹೇಳುವುದು ಒಳ್ಳೆಯದು. ಚಿಹ್ನೆ ಆಕಾಶದಿಂದಿಳಿದ ವಿಧಿಯಲ್ಲ, ಓದುವವನ ಉಸಿರಿಗೆ ಬರೆಯುವವನು ಮಾಡಿದ ಉಪಕಾರ ಎಂದು ತಿಳಿದ ಮಗು ಅದನ್ನು ಹೆದರಿಕೆಯಿಂದ ಹಾಕುವುದಿಲ್ಲ, ಪ್ರೀತಿಯಿಂದ ಹಾಕುತ್ತದೆ.

ನಮ್ಮ ಮಕ್ಕಳು ಇಂಗ್ಲಿಷ್ ಬರೆಯುವಾಗ ಅಲ್ಪವಿರಾಮದಲ್ಲಿ ತಪ್ಪುವುದು ಅಜ್ಞಾನದಿಂದಲ್ಲ. ಅವರ ತಪ್ಪಿಗೆ ಒಂದು ವ್ಯಾಕರಣವಿದೆ. ಕನ್ನಡದಲ್ಲಿ ‘ಅವನು ಬಂದು, ಚೀಲ ಇಟ್ಟು, ಕೈಕಾಲು ತೊಳೆದು, ಊಟಕ್ಕೆ ಕುಳಿತನು’ ಎನ್ನುವಾಗ ಕ್ರಿಯೆ ಪೂರ್ಣವಾಗುವುದು ಒಂದೇ ಕಡೆ. ಉಳಿದವೆಲ್ಲ ಅಪೂರ್ಣಕ್ರಿಯೆಗಳಾಗಿ ಮುಂದಿನ ಮಾತಿನ ಕೈ ಹಿಡಿದೇ ಬರುತ್ತವೆ. ಅಲ್ಲಿ ಅಲ್ಪವಿರಾಮವಿದ್ದರೂ ಸರಿ, ಇಲ್ಲದಿದ್ದರೂ ಸರಿ. ಇದನ್ನು ಇಂಗ್ಲಿಷಿಗೆ ತಿರುಗಿಸುವ ಮಗು ಪ್ರತಿಯೊಂದು ಕ್ರಿಯೆಗೂ ಕರ್ತೃವನ್ನು ಹಚ್ಚಿ ಪೂರ್ಣಗೊಳಿಸುತ್ತದೆ, ಆದರೆ ನಡುವಿನ ಅಲ್ಪವಿರಾಮವನ್ನು ಹಾಗೆಯೇ ಉಳಿಸಿಕೊಳ್ಳುತ್ತದೆ. ನಾಲ್ಕು ಪೂರ್ಣವಾಕ್ಯಗಳು ಬರಿಯ ಅಲ್ಪವಿರಾಮಗಳಿಂದ ಜೋಡಣೆಗೊಂಡು ನಿಲ್ಲುತ್ತವೆ. ಅಧ್ಯಾಪಕರ ಕೆಂಪುಮಸಿ ಅವುಗಳ ಮೇಲೆ ಹರಿಯುತ್ತದೆ. ಹಾಗೆಯೇ ‘ನಿನ್ನೆ ಬಂದ ಹುಡುಗ’ ಎಂದು ವಿಶೇಷಣವನ್ನು ಮೊದಲೇ ಕಟ್ಟಿಬಿಡುವ ನಮ್ಮ ಭಾಷೆಯಲ್ಲಿ, ಹಲವು ಹುಡುಗರಲ್ಲಿ ಒಬ್ಬನನ್ನು ಆರಿಸಿ ಹೇಳುತ್ತಿದ್ದೇವೆಯೋ, ಗೊತ್ತಿರುವ ಒಬ್ಬನ ವಿಷಯದಲ್ಲಿ ಹೆಚ್ಚಿನದೊಂದನ್ನು ಸೇರಿಸುತ್ತಿದ್ದೇವೆಯೋ ಎಂಬುದು ಸಂದರ್ಭದಿಂದ ತಿಳಿಯುತ್ತದೆ. ಇಂಗ್ಲಿಷಿನಲ್ಲಿ ಆ ಭೇದವನ್ನು ಎರಡು ಅಲ್ಪವಿರಾಮಗಳು ಹೇಳಬೇಕು. ಈ ಕಾರಣವನ್ನು ಕನ್ನಡದ ಉದಾಹರಣೆಯಿಂದಲೇ ತೋರಿಸಿಕೊಟ್ಟಲ್ಲಿ ವರ್ಷವಿಡೀ ತಿದ್ದಿದರೂ ಹೋಗದ ತಪ್ಪು ಒಂದು ವಾರದಲ್ಲಿ ಹೋಗಬಹುದು. ಇಂಗ್ಲಿಷ್ ತರಗತಿಯಲ್ಲಿ ಮಾತೃಭಾಷೆಯ ಸೊಲ್ಲೆತ್ತಬಾರದೆಂಬ ಕಟ್ಟಳೆ ಕೆಲವು ಶಾಲೆಗಳಲ್ಲಿ ಇನ್ನೂ ಇದೆ. ಅದರಿಂದ ಆಗುವ ನಷ್ಟ ಇಂಗ್ಲಿಷಿಗೇ ಹೊರತು ಮಾತೃಭಾಷೆಗಲ್ಲ.

ಇನ್ನು ಪಠ್ಯಕ್ಕೆ ಬರೋಣ. ಹತ್ತನೆಯ ತರಗತಿಯ ಪುಸ್ತಕದಲ್ಲಿ ರವೀಂದ್ರನಾಥ ಠಾಕೂರರ ಪ್ರಾರ್ಥನೆಯೊಂದಿದೆ. 1912ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಇಂಗ್ಲಿಷ್ ಗೀತಾಂಜಲಿಯ 35ನೆಯ ರಚನೆ ಅದು. ಮನಸ್ಸು ನಿರ್ಭಯವಾಗಿರುವ ನಾಡನ್ನು ಕವಿ ಕಣ್ಮುಂದೆ ತಂದುಕೊಳ್ಳುತ್ತಾರೆ. ಇದರ ಪ್ರಾಸಕ್ರಮವೇನು ಎಂಬ ಪ್ರಶ್ನೆಗೆ ಮಕ್ಕಳು ‘ಪ್ರಾಸವಿಲ್ಲ, ಮುಕ್ತಛಂದ’ ಎಂದು ಬರೆದು ಒಂದು ಅಂಕವನ್ನು ಗಳಿಸುತ್ತಾರೆ, ಉತ್ತರವೂ ಸರಿ. ಆದರೆ ಆ ಉತ್ತರದ ಹಿಂದಿರುವ ಎರಡು ಸಂಗತಿಗಳನ್ನು ಅವರಿಗೆ ಹೇಳಬೇಡವೇ? ಮೊದಲನೆಯದು: ನೈವೇದ್ಯ ಎಂಬ ಸಂಗ್ರಹದಲ್ಲಿರುವ ಬಂಗಾಳಿ ಮೂಲದಲ್ಲಿ ಎರಡೆರಡು ಸಾಲಿಗೊಂದರಂತೆ ಅಂತ್ಯಪ್ರಾಸವಿದೆ, ಇಂಗ್ಲಿಷಿಗೆ ತಾವೇ ತಂದುಕೊಳ್ಳುವಾಗ ಕವಿ ಅದನ್ನು ಬೇಕೆಂದೇ ಕೈಬಿಟ್ಟರು. ಎರಡನೆಯದು ಇನ್ನೂ ಮುಖ್ಯವಾದದ್ದು: ಆ ಕವಿತೆಯೆಲ್ಲ ಸೇರಿ ಒಂದೇ ವಾಕ್ಯ. ‘ಎಲ್ಲಿ’ ಎಂದು ತೊಡಗುವ ಉಪವಾಕ್ಯಗಳು ಒಂದರ ಮೇಲೊಂದು ಬರುತ್ತವೆ. ಅವುಗಳಲ್ಲಿ ಯಾವುದೂ ತಾನಾಗಿ ನಿಲ್ಲಲಾರದು. ಅರ್ಧವಿರಾಮಗಳು ಒಂದೊಂದನ್ನೂ ಒಂದು ಕ್ಷಣ ತಡೆದು ಮುಂದಕ್ಕೆ ಕಳುಹುತ್ತವೆ. ಪ್ರಧಾನವಾಕ್ಯ ಬರುವುದು ಕಟ್ಟಕಡೆಯ ಸಾಲಿನಲ್ಲಿ. ಅಲ್ಲಿಯೂ, ನಾಡು ಎಚ್ಚರಗೊಳ್ಳಲೆಂಬ ಬೇಡಿಕೆಯ ನಡುವೆ, ಎರಡು ಅಲ್ಪವಿರಾಮಗಳ ಮಧ್ಯದಲ್ಲಿ ಸಂಬೋಧನೆಯೊಂದನ್ನು ಇಟ್ಟು ಕವಿ ದೇವರ ಕಡೆಗೆ ತಿರುಗುತ್ತಾರೆ.

ಈ ರಚನೆಯನ್ನು ಅರಿಯುವುದಕ್ಕೆ ಕನ್ನಡ ಮಗುವಿಗಿಂತ ಯೋಗ್ಯನಾದ ಅಧಿಕಾರಿ ಯಾರು? ಕ್ರಿಯಾಪದವನ್ನು ಕೊನೆಗಿಡುವ ವಾಕ್ಯ ನಮ್ಮ ಹುಟ್ಟುಗುಣ. ಸಮಾನವಾದ ನುಡಿತುಂಡುಗಳನ್ನು ಒಂದರ ಬೆನ್ನಿಗೊಂದು ತಂದು, ಕೊನೆಗೆ ಇಷ್ಟದೈವದ ಅಂಕಿತದಲ್ಲಿ ನಿಲ್ಲಿಸುವ ವಚನ ನಮ್ಮ ಮನೆಯದು. ಬಸವಣ್ಣನ ಕೂಡಲಸಂಗಮದೇವನೂ ಅಕ್ಕನ ಚೆನ್ನಮಲ್ಲಿಕಾರ್ಜುನನೂ ಕೊನೆಯಲ್ಲಿ ಬರುವುದು ಬರಿಯ ಸಹಿಯಾಗಿ ಅಲ್ಲ. ಅಲ್ಲಿಯವರೆಗೆ ಲೋಕವನ್ನು ಕುರಿತಿದ್ದ ಮಾತು ಅಲ್ಲಿ ದೈವದ ಮುಖಕ್ಕೆ ತಿರುಗುತ್ತದೆ. ಒಂದು ವಚನವನ್ನೂ ಈ ಪ್ರಾರ್ಥನೆಯನ್ನೂ ಪಕ್ಕಪಕ್ಕದಲ್ಲಿಟ್ಟು ಓದಿಸಿದರೆ, ಮುಕ್ತಛಂದವೆಂದರೆ ರೂಪವಿಲ್ಲದಿರುವುದೆಂಬ ಭ್ರಮೆ ಮಕ್ಕಳಿಂದ ಶಾಶ್ವತವಾಗಿ ತೊಲಗೀತು. ಎ. ಕೆ. ರಾಮಾನುಜನ್ ಅವರು 1973ರಲ್ಲಿ ಪ್ರಕಟಿಸಿದ ವಚನಗಳ ಇಂಗ್ಲಿಷ್ ಅನುವಾದದಲ್ಲಿ ಸಾಲುಗಳನ್ನು ಮುರಿದು, ಒಳಕ್ಕೆ ಸರಿಸಿ, ಪುಟದ ಬಿಳುಪನ್ನೇ ವಿರಾಮಚಿಹ್ನೆಯಾಗಿ ಬಳಸಿದ ಪರಿಯನ್ನು ತೋರಿಸಿದರಂತೂ ಪಾಠ ಪೂರ್ಣವಾಗುತ್ತದೆ.

ಅದೇ ಪುಸ್ತಕದಲ್ಲಿ ಜಗತ್ತನ್ನು ರಂಗಸ್ಥಳಕ್ಕೂ ಮಾನವನ ಆಯುಸ್ಸನ್ನು ಏಳು ಅಂಕಗಳಿಗೂ ಹೋಲಿಸುವ ಷೇಕ್ಸ್‌ಪಿಯರನ ಭಾಷಣವಿದೆ. ಆ್ಯಸ್ ಯು ಲೈಕ್ ಇಟ್ ನಾಟಕದ ಎರಡನೆಯ ಅಂಕದಲ್ಲಿ ಜೇಕ್ವಿಸ್ ಆಡುವ ಮಾತು. ಇದರಲ್ಲಿಯೂ ಅಂತ್ಯಪ್ರಾಸವಿಲ್ಲ, ಆದರೆ ಲಯವಿದೆ. ಒಂದೊಂದು ಸಾಲಿನಲ್ಲಿಯೂ ಸಾಧಾರಣವಾಗಿ ಐದು ಒತ್ತುಗಳು. ನಮ್ಮ ಲಲಿತರಗಳೆಯ ಐದು ಮಾತ್ರೆಗಳ ನಾಲ್ಕು ಗಣಗಳನ್ನು ಉಳಿಸಿಕೊಂಡು ಪ್ರಾಸವನ್ನು ಕಳಚಿದ ಸರಳರಗಳೆಗೆ ಇದು ಹತ್ತಿರದ ಬಂಧು. ಮಾಸ್ತಿಯವರೂ ಕುವೆಂಪು ಅವರೂ ನಾಟಕಕ್ಕೆ ಆ ರಗಳೆಯನ್ನು ಆರಿಸಿಕೊಂಡುದಕ್ಕೆ ಕಾರಣವೂ ಈ ಬಂಧುತ್ವವೇ. ಈ ಭಾಷಣದಲ್ಲಿ ಅಧ್ಯಾಪಕರು ಬೆರಳಿಟ್ಟು ತೋರಿಸಬೇಕಾದದ್ದು ಒಂದಿದೆ. ಶಿಶುವಿನ ಅವಸ್ಥೆ ಕಳೆದು ಶಾಲೆಯ ಹುಡುಗ ಬರುವುದು ಸಾಲಿನ ಆರಂಭದಲ್ಲಿ. ಆದರೆ ಪ್ರಣಯಿ, ಸೈನಿಕ, ನ್ಯಾಯಾಧೀಶ, ಮುದುಕ, ಇವರೆಲ್ಲರೂ ರಂಗಕ್ಕೆ ಬರುವುದು ಸಾಲಿನ ನಡುವಿನಲ್ಲಿ. ಒಂದು ವಯಸ್ಸು ಸಾಲಿನ ಅರ್ಧದಲ್ಲಿ ಮುಗಿಯುತ್ತದೆ, ಮತ್ತೊಂದು ಅದೇ ಸಾಲಿನಲ್ಲಿ ತೊಡಗುತ್ತದೆ. ಬಾಳಿನಲ್ಲಿಯೂ ವಯಸ್ಸುಗಳು ಗೆರೆ ಎಳೆದು ಬರುವುದಿಲ್ಲವಷ್ಟೆ. ಕಡೆಯ ಸಾಲಿನಲ್ಲಿಯೋ, ‘ಇಲ್ಲದೆ’ ಎಂಬರ್ಥದ ಒಂದೇ ಪದ ನಾಲ್ಕಾವೃತ್ತಿ ಬಂದು, ಒಂದೊಂದು ಅಲ್ಪವಿರಾಮಕ್ಕೂ ಹಲ್ಲು, ಕಣ್ಣು, ರುಚಿ ಎಂದು ಒಂದೊಂದೇ ಕಳಚಿಬಿದ್ದು, ಎಲ್ಲವೂ ಹೋದ ಮೇಲೆ ಪೂರ್ಣವಿರಾಮ ಬೀಳುತ್ತದೆ. ಅಲ್ಪವಿರಾಮದ ಉಪಯೋಗಗಳಲ್ಲಿ ‘ಪಟ್ಟಿಯನ್ನು ಬೇರ್ಪಡಿಸುವುದು’ ಒಂದೆಂದು ಕಂಠಪಾಠ ಮಾಡಿದ ಹುಡುಗನಿಗೆ ಈ ಸಾಲನ್ನು ತೋರಿಸದೆ ಬಿಡುವುದು ದೊಡ್ಡ ಅನ್ಯಾಯ.

ಮುಂಬಯಿಯಲ್ಲೇ 1924ರಲ್ಲಿ ಹುಟ್ಟಿ, ವಿಲೇಪಾರ್ಲೆಯ ಮೀಠೀಬಾಯಿ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿದ ನಿಸ್ಸಿಮ್ ಎಝೆಕಿಯೆಲ್ಲರ ಚೇಳಿನ ರಾತ್ರಿಯ ಕವಿತೆ ದೇಶದ ಅನೇಕ ಪಠ್ಯಪುಸ್ತಕಗಳಿಗೆ ಸೇರಿದೆ. ತಾಯಿಗೆ ಚೇಳು ಕುಟುಕಿದ ಮಳೆರಾತ್ರಿಯ ವೃತ್ತಾಂತವೆಲ್ಲ ಎಡೆಬಿಡದ ಒಂದೇ ಖಂಡವಾಗಿ ಹರಿದು, ಕೊನೆಯ ಮೂರು ಸಾಲುಗಳು ಮಾತ್ರ ಬೇರೆಯಾಗಿ ನಿಲ್ಲುತ್ತವೆ. ಆ ಮೂರು ಸಾಲುಗಳಲ್ಲಿ ತಾಯಿ ಮೊದಲ ಬಾರಿಗೆ ಬಾಯಿ ತೆರೆಯುತ್ತಾಳೆ. ನಡುವೆ ಬಿಟ್ಟ ಆ ಬರಿಯೆಡೆಗೆ ವ್ಯಾಕರಣದಲ್ಲಿ ಹೆಸರಿಲ್ಲ. ಆದರೆ ಅದಕ್ಕಿಂತ ಅರ್ಥವತ್ತಾದ ವಿರಾಮ ಆ ಕವಿತೆಯಲ್ಲಿ ಬೇರೊಂದಿಲ್ಲ.

ಚಿಹ್ನೆಯನ್ನು ಲಘುವಾಗಿ ಕಂಡವರಿಂದ ಆಗುವ ಹಾನಿಗೆ ಅಮೆರಿಕದ ಎಮಿಲಿ ಡಿಕಿನ್ಸನ್ನಳ ಕಥೆ ಸಾಕ್ಷಿ. ಅವಳು ಸತ್ತ ಮೇಲೆ 1890ರಲ್ಲಿ ಹೊರಬಂದ ಸಂಗ್ರಹದಲ್ಲಿ ಸಂಪಾದಕರು ಅವಳ ಕಿರುಗೆರೆಗಳನ್ನು ಅಳಿಸಿ ಶಿಷ್ಟಸಮ್ಮತವಾದ ಅಲ್ಪವಿರಾಮಗಳನ್ನು ಹಾಕಿದರು, ಪ್ರಾಸಗಳನ್ನೂ ಅಲ್ಲಲ್ಲಿ ತಿದ್ದಿದರು. ಅವಳ ಬರಹ ಅವಳು ಬರೆದಂತೆಯೇ ಸಮಗ್ರವಾಗಿ ಓದುಗರಿಗೆ ದೊರೆತದ್ದು 1955ರಲ್ಲಿ, ಥಾಮಸ್ ಜಾನ್ಸನ್ನನ ಪರಿಷ್ಕರಣದಿಂದ. ಅರವತ್ತೈದು ವರ್ಷಗಳ ಕಾಲ ಒಬ್ಬ ಮಹಾಕವಿಯ ಉಸಿರಾಟವನ್ನು ಇನ್ನೊಬ್ಬರ ಮೂಗಿನಿಂದ ಕೇಳುತ್ತಿದ್ದಂತಾಯಿತು.

ರೂಪವೆಂಬುದು ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟಬಲ್ಲುದೆಂಬುದಕ್ಕೆ ಮುಂಬಯಿಯ ಮಕ್ಕಳಿಗೆ ಹತ್ತಿರದ ನಿದರ್ಶನಗಳಿವೆ. ಹದಿನಾಲ್ಕು ಸಾಲುಗಳ ಸಾನೆಟ್ಟನ್ನು ಮರಾಠಿಗೆ ತಂದ ಕೇಶವಸುತರು ಮುಂಬಯಿಯ ಶಾಲೆಗಳಲ್ಲಿ ಮಾಸ್ತರಿಕೆ ಮಾಡಿದವರು. ಅವರು 1905ರಲ್ಲಿ ತೀರಿಕೊಂಡದ್ದು ನಮ್ಮ ಹುಬ್ಬಳ್ಳಿಯಲ್ಲಿ. ಕನ್ನಡದಲ್ಲಿ ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ದ್ವಿತೀಯಾಕ್ಷರಪ್ರಾಸವನ್ನು ತೊರೆದು ಬರೆಯತೊಡಗಿದಾಗ ವಿದ್ವಾಂಸರಲ್ಲಿ ಎದ್ದ ಕೋಲಾಹಲವನ್ನು ಇಂದಿನ ಮಕ್ಕಳಿಗೆ ಹೇಳಿದರೆ, ಪ್ರಾಸಕ್ರಮವೆಂಬುದು ಒಂದು ಅಂಕದ ವಿಷಯವಲ್ಲ, ಕವಿಯೊಬ್ಬನ ಧೈರ್ಯದ ವಿಷಯವೆಂಬುದು ಅವರಿಗೆ ಹೊಳೆಯಬಹುದು. ಹಟ್ಟಿಯಂಗಡಿ ನಾರಾಯಣರಾಯರ ಆಂಗ್ಲ ಕವಿತಾವಳಿ, ಅದರ ತರುವಾಯ ಬಂದ ಬಿ. ಎಂ. ಶ್ರೀಕಂಠಯ್ಯನವರ ಇಂಗ್ಲಿಷ್ ಗೀತಗಳು, ಇವು ಇಂಗ್ಲಿಷ್ ಪದ್ಯದ ಒಡಲನ್ನು ಕನ್ನಡದ ಮಾತ್ರಾಗಣಗಳಲ್ಲಿ ಮರಳಿ ಹುಟ್ಟಿಸಿದ ಸಾಹಸಗಳು. ಪಠ್ಯದಲ್ಲಿರುವ ಯಾವುದಾದರೊಂದು ಇಂಗ್ಲಿಷ್ ಪದ್ಯದೊಡನೆ ಶ್ರೀಕಂಠಯ್ಯನವರ ಒಂದು ಗೀತವನ್ನು ಓದಿ ತೋರಿಸುವುದಕ್ಕೆ ಹತ್ತು ನಿಮಿಷ ಸಾಕು.

ಬೋಧನೆಯ ಕ್ರಮವನ್ನು ಕುರಿತು ನಾನು ಸೂಚಿಸುವುದು ಸರಳವಾದದ್ದು. ಕವಿತೆಯನ್ನು ಮೊದಲು ಸಾಲು ಸಾಲಿಗೂ ನಿಂತು ಗಟ್ಟಿಯಾಗಿ ಓದಿಸಬೇಕು. ಎರಡನೆಯ ಸಲ ಸಾಲುಗಳನ್ನು ಗಣಿಸದೆ, ಚಿಹ್ನೆಯಿದ್ದಲ್ಲಿ ಮಾತ್ರ ನಿಂತು ಓದಿಸಬೇಕು. ಈ ಎರಡು ಓದುಗಳಲ್ಲಿ ಯಾವುದು ಎಲ್ಲಿ ಹಿತವಾಯಿತು, ಎಲ್ಲಿ ಕೆಟ್ಟಿತು ಎಂದು ಮಕ್ಕಳೇ ಹೇಳಲಿ. ಮರುದಿನ ಅದೇ ಕವಿತೆಯನ್ನು ಚಿಹ್ನೆಗಳಿಲ್ಲದೆ ಹಲಗೆಯ ಮೇಲೆ ಬರೆದು, ಅವರಿಂದಲೇ ಚಿಹ್ನೆ ಹಾಕಿಸಿ, ಕವಿಯ ಚಿಹ್ನೆಗಳೊಡನೆ ಹೋಲಿಸಿ ನೋಡಿಸಬೇಕು. ಭಿನ್ನವಾದೆಡೆಗಳಲ್ಲಿ ಕವಿ ಏಕೆ ಹಾಗೆ ಮಾಡಿದನೆಂದು ಮಕ್ಕಳೇ ಚರ್ಚಿಸಲಿ. ಪ್ರಾಸಕ್ರಮವನ್ನು ಅಕ್ಷರಗಳಿಂದ ಗುರುತಿಸುವುದು, ಅಲಂಕಾರಕ್ಕೆ ಹೆಸರಿಡುವುದು, ಇವೆಲ್ಲ ಅನಂತರ. ಅರವತ್ತು ಮಕ್ಕಳ ತರಗತಿಯಲ್ಲಿ, ಮುಗಿಸಲೇಬೇಕಾದ ಪಾಠಗಳ ಒತ್ತಡದಲ್ಲಿ ಇದು ಸುಲಭವಲ್ಲ. ಆದರೆ ಗೈಡುಗಳಲ್ಲಿ ಅಚ್ಚಾದ ರಸಗ್ರಹಣವನ್ನು ಅರವತ್ತು ಮಕ್ಕಳೂ ಒಂದೇ ಮಾತಿನಲ್ಲಿ ಉರುಹೊಡೆದು ಬರೆಯುವುದನ್ನು ಕಂಡ ಯಾವ ಅಧ್ಯಾಪಕರಿಗೂ ಈ ಶ್ರಮ ವ್ಯರ್ಥವೆನಿಸಲಾರದು.

ಲಿಖಿತ ಪರೀಕ್ಷೆಯ 80 ಅಂಕಗಳಲ್ಲದೆ ಆಂತರಿಕ ಮೌಲ್ಯಮಾಪನದ 20 ಅಂಕಗಳು ಶಾಲೆಯ ಕೈಯಲ್ಲೇ ಇವೆ. ಮುಂಬಯಿಯ ಇಂಗ್ಲಿಷ್ ಅಧ್ಯಾಪಕರಲ್ಲಿ, ವಿಶೇಷವಾಗಿ ಕನ್ನಡಿಗರ ಸಂಸ್ಥೆಗಳಲ್ಲಿ ಕಲಿಸುವವರಲ್ಲಿ, ನನ್ನ ಬಿನ್ನಹವಿಷ್ಟೆ: ಆ ಆಂತರಿಕ ಮೌಲ್ಯಮಾಪನದ ಮೌಖಿಕ ಪರೀಕ್ಷೆಯಲ್ಲಿ ಪ್ರತಿಯೊಂದು ಮಗುವೂ ತಾನು ಆರಿಸಿಕೊಂಡ ಒಂದು ಕವಿತೆಯನ್ನು ಗಟ್ಟಿಯಾಗಿ ಓದಿ, ತಾನು ನಿಂತೆಡೆಗಳಲ್ಲಿ ಏಕೆ ನಿಂತೆನೆಂದು ಎರಡು ಮಾತು ಹೇಳಲಿ. ಮಾಟುಂಗದ ಮೈಸೂರು ಅಸೋಸಿಯೇಷನ್, ಕರ್ನಾಟಕ ಸಂಘ ಮೊದಲಾದ ನಮ್ಮ ಸಂಸ್ಥೆಗಳು ತಮ್ಮ ಕವಿಗೋಷ್ಠಿಗಳ ನಡುವೆ ಪ್ರೌಢಶಾಲೆಯ ಮಕ್ಕಳ ಕವಿತಾವಾಚನಕ್ಕೆ ವರ್ಷಕ್ಕೊಂದು ಸಂಜೆಯನ್ನು ಮೀಸಲಿಡಲಿ. ಅಂದು ಒಂದು ಕನ್ನಡ ಪದ್ಯವನ್ನೂ ಒಂದು ಇಂಗ್ಲಿಷ್ ಪದ್ಯವನ್ನೂ ಒಂದೇ ಮಗು ಓದಲಿ.